ಲಾಯ್ಕ ಕುಣಿದವಳೇ ಯಾಕೆ ಔಟ್ ಆಗುದು?

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕದ ಹತ್ರದವರು. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಪ್ಲಸ್ ವನ್, ಸಣ್ಣವಳು ಏಳನೇ ಕ್ಲಾಸು. ದೊಡ್ಡವಳಿಗೆ ಎರಡು ಹುಚ್ಚು, ಒಂದು ಟಿವಿಯ ಡ್ಯಾನ್ಸ್ ಶೋ, ಇನ್ನೊಂದು ಡ್ರ್ಯಾಗನ್, ಮಂತ್ರ, ಸಿಂಹಾಸನ ಅಂತ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ. ಹೋದ ತಿಂಗಳು ಅವಳ ಫೇವರಿಟ್ ಹುಡುಗಿ, ನಮ್ಮ ಗಡಿನಾಡಿನವಳೇ, ಸೆಮಿಫೈನಲ್‌ಗೆ ಮೊದಲು ಔಟ್ ಆದ್ಳು. ಅವತ್ತು ಇವಳು ಊಟ ಮಾಡ್ಲಿಲ್ಲ. ಎಲ್ಲ ಫಿಕ್ಸ್, ನಮ್ಮ ಕಡೆಯವರಿಗೆ ಬೆಂಗಳೂರಿನವರು ವೋಟ್ ಹಾಕುದಿಲ್ಲ ಅಂತ ಹೇಳ್ತಾಳೆ. ಗೆದ್ದ ಹುಡುಗನ ಪೇಜಿಗೆ ಹೋಗಿ ರಾತ್ರಿ ಎರಡು ಗಂಟೆವರೆಗೆ ಜಗಳ, ಅಲ್ಲಿಂದ ಇವಳಿಗೆ ಕೆಟ್ಟ ಕೆಟ್ಟ ಮೆಸೇಜು. ಫ್ರೆಂಡ್ಸ್ ಎಲ್ಲ ಸೇರಿ ವೋಟ್ ಹಾಕಿಸ್ಲಿಕ್ಕೆ ಅಂತ ಯಾರಿಗೋ ಎರಡು ಸಾವಿರ ಗೂಗಲ್ ಪೇ ಮಾಡಿದ್ದಾರೆ ಅಂತ ಮೊನ್ನೆ ಗೊತ್ತಾಯ್ತು. ಈಗ ಸಣ್ಣವಳ ಡ್ಯಾನ್ಸ್ ವಿಡಿಯೋ ಎಲ್ಲಿಗೋ ಕಳಿಸಿದ್ದಾಳೆ, ಸೆಲೆಕ್ಟ್ ಆಗಿದೆ, ರಿಜಿಸ್ಟ್ರೇಶನ್‌ಗೆ ಹದಿನೈದು ಸಾವಿರ ಕಟ್ಟಿ ಅಂತ ಫೋನ್ ಬರ್ತಾ ಉಂಟು. ಇವರ ಅಪ್ಪ ಫೋನ್ ಬಾವಿಗೆ ಬಿಸಾಡ್ತೇನೆ ಅಂತ ಕೂತಿದ್ದಾರೆ. ನೀವು ಶೋಗಳ ಹಿಂದೆ ಕೆಲಸ ಮಾಡಿದವರು, ನಿಜ ಎಂಥದು ಹೇಳಿ.

ಉತ್ತರ: ಅಕ್ಕಾ, ಕೊನೆಯ ವಿಷಯವನ್ನೇ ಮೊದಲು ಹೇಳ್ತೇನೆ, ಅದಕ್ಕೆ ಟೈಮ್ ಇಲ್ಲ. ಆ ಹದಿನೈದು ಸಾವಿರ ಕಟ್ಟಬೇಡಿ. ಸದ್ಯಕ್ಕೆ ಒಂದು ಸಾವಿರ ಅಡ್ವಾನ್ಸ್ ಸಾಕು ಅಂದ್ರೂ ಬೇಡ. ಆಧಾರ್ ಫೋಟೋ ಕೂಡ ಕಳಿಸಬೇಡಿ. ಯಾಕೆ ಅಂತ ಕೆಳಗೆ ಬರ್ತೇನೆ.

ನಾನು ಈಗ ಕುಂಬಳೆಯಲ್ಲಿ ಕ್ಲಾಸ್ ನಡೆಸುದು, ಅದಕ್ಕೆ ಮೊದಲು ಬೆಂಗಳೂರು, ಕೊಚ್ಚಿಯ ಶೋಗಳಲ್ಲಿ ಕೊರಿಯೋಗ್ರಾಫರ್ ಟೀಮಿನಲ್ಲಿ ಅಸಿಸ್ಟೆಂಟ್ ಆಗಿದ್ದೆ, ಸ್ಕೂಲ್ ಕಲೋತ್ಸವಗಳಲ್ಲಿ ಜಡ್ಜ್ ಕುರ್ಚಿಯಲ್ಲೂ ಕೂತಿದ್ದೇನೆ, ಹಾಗಾಗಿ ಎರಡೂ ಕಡೆಯ ಬೈಗುಳ ತಿಂದು ಅಭ್ಯಾಸ ಉಂಟು. ನಿಮ್ಮ ಪ್ರಶ್ನೆಯಲ್ಲಿ ಶೋ ಮೋಸವಾ, ನಮ್ಮ ಊರಿನವರಿಗೆ ಅನ್ಯಾಯವಾ, ಮಗಳಿಗೆ ಏನಾದ್ರೂ ಆಗಿದೆಯಾ ಅಂತ ಮೂರು ಹೆದರಿಕೆ ಒಟ್ಟಿಗೆ ಉಂಟು. ಒಂದೊಂದಾಗಿ ನೋಡುವ.

ಫಿಕ್ಸ್ ಅನ್ನುವ ಮಾತು ಪ್ರತಿ ಸೀಸನ್‌ನಲ್ಲೂ ಬರ್ತದೆ. ಸೆಟ್ಟಿನಲ್ಲಿ ನಾವು ಡ್ಯಾನ್ಸಿನವರು ವೋಟಿನ ಲೆಕ್ಕ ನೋಡುದೇ ಇಲ್ಲ, ಅದು ನಮ್ಮ ಕೈಗೆ ಬರುವ ಕಾಗದ ಅಲ್ಲ. ಮೋಸ ಎಲ್ಲಿಯೂ ಆಗ್ಲೇ ಇಲ್ಲ ಅಂತ ಹೇಳಿದ್ರೆ ಅದೂ ಸುಳ್ಳಾಗ್ತದೆ. ಬ್ರಿಟನ್‌ನಲ್ಲಿ ಪ್ರೇಕ್ಷಕರು ದುಡ್ಡು ಕೊಟ್ಟು ಮಾಡಿದ ಫೋನ್ ಕರೆಗಳನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಗಲಾಟೆ ಆಗಿ 2008ರಲ್ಲಿ ಅಲ್ಲಿನ ಟಿವಿ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಐಟಿವಿ ಚಾನೆಲ್‌ಗೆ 56 ಲಕ್ಷ 75 ಸಾವಿರ ಪೌಂಡ್ ದಂಡ ಹಾಕಿದೆ. ಆದ್ರೆ ನಿಮ್ಮ ಮಗಳು ಹೇಳುವ ಹಾಗೆ, ಲಾಯ್ಕ ಕುಣಿದವಳು ಹೋದ್ಳು ಅಂದ ಕೂಡ್ಲೇ ಯಾರೋ ಒಳಗೆ ಕೂತು ನಂಬರ್ ತಿದ್ದಿದ್ದಾರೆ ಅಂತ ಅರ್ಥ ಅಲ್ಲ. ಯಾರೂ ಏನೂ ತಿದ್ದದೆ, ರೂಲ್ ಪ್ರಕಾರವೇ ಲಾಯ್ಕ ಕುಣಿದವರು ಹೋಗ್ತಾರೆ, ಯಾಕಂದ್ರೆ ರೂಲ್ ಇರುವುದು ಡ್ಯಾನ್ಸ್ ಅಳೀಲಿಕ್ಕೆ ಮಾತ್ರ ಅಲ್ಲ.

ಒಂದು ಲೆಕ್ಕ ಹೇಳ್ತೇನೆ, ನಿಜವಾಗಿ ಆದದ್ದು. ಬಿಬಿಸಿಯಲ್ಲಿ 2004ರಲ್ಲಿ ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್ ಅಂತ ಡ್ಯಾನ್ಸ್ ಶೋ ಶುರುವಾಯ್ತು, ಅದರ ಅಮೆರಿಕದ ರೂಪ 2005ರ ಡ್ಯಾನ್ಸಿಂಗ್ ವಿತ್ ದಿ ಸ್ಟಾರ್ಸ್, ನಮ್ಮಲ್ಲಿ 2006ರ ಝಲಕ್ ದಿಖ್‌ಲಾ ಜಾ. ಬಿಬಿಸಿಯಲ್ಲಿ ಜಡ್ಜ್‌ಗಳ ಮಾರ್ಕನ್ನು ನೇರ ಕೂಡಿಸುದಿಲ್ಲ, ಮಾರ್ಕಿನಿಂದ ಒಂದು ರ‍್ಯಾಂಕ್, ಜನರ ವೋಟಿನಿಂದ ಒಂದು ರ‍್ಯಾಂಕ್, ಎರಡು ರ‍್ಯಾಂಕಿನ ಪಾಯಿಂಟ್ ಕೂಡಿಸಿ ಕೆಳಗಿನ ಎರಡು ಜೋಡಿ ಮತ್ತೆ ಎದುರುಬದುರು ಕುಣಿಯಬೇಕು. 2008ರ ಸೆಮಿಫೈನಲ್‌ನಲ್ಲಿ ಮೂರೇ ಜೋಡಿ ಉಳಿದದ್ದು. ಜಡ್ಜ್ ಮಾರ್ಕಿನಲ್ಲಿ ಎರಡು ಜೋಡಿ ಸಮ ಸಮ ಬಂದು ಎರಡಕ್ಕೂ 3 ಪಾಯಿಂಟ್ ಹೋಯ್ತು, ಮೂರನೆಯವನಿಗೆ 1. ಈಗ ನೀವೇ ಕೂಡಿಸಿ ನೋಡಿ. ಆ ಮೂರನೆಯವನಿಗೆ ಇಡೀ ದೇಶ ವೋಟ್ ಹಾಕಿ 3 ಪಾಯಿಂಟ್ ಕೊಟ್ರೂ ಅವನದ್ದು 4, ಉಳಿದವರಲ್ಲಿ ಒಬ್ಬರದ್ದು 3ಕ್ಕೆ ವೋಟಿನ 2 ಸೇರಿ 5, ಇನ್ನೊಬ್ಬರದ್ದು 3ಕ್ಕೆ 1 ಸೇರಿ 4. ಹೇಗೆ ತಿರುಗಿಸಿದ್ರೂ ಅವನು ಕೆಳಗಿನ ಎರಡರಲ್ಲಿ ಬೀಳುದೇ. ಅಂದ್ರೆ ಅವನಿಗೆ ಬಿದ್ದ ವೋಟಿಗೆ ಅವನನ್ನು ಉಳಿಸುವ ದಾರಿಯೇ ಇರ್ಲಿಲ್ಲ. ಲೈವ್ ನಡೀತಾ ಇರುವಾಗ ಇದು ತಲೆಗೆ ಹೋಗಿ ಅವತ್ತು ಎಲಿಮಿನೇಶನ್ನೇ ನಿಲ್ಲಿಸಿ ಮೂವರನ್ನೂ ಫೈನಲ್‌ಗೆ ಕಳಿಸಿದ್ರು. ಫೈನಲ್ ಗೆದ್ದದ್ದು ಯಾರು ಗೊತ್ತುಂಟಾ, ಅದೇ ಮೂರನೆಯವನು, ಟಾಮ್ ಚೇಂಬರ್ಸ್. ಅಲ್ಲಿ ಮೋಸ ಎಂಥದೂ ಇಲ್ಲ, ಬರೀ ಲೆಕ್ಕದ ತೊಡಕು.

ಅದೇ ಸೀಸನ್‌ನಲ್ಲಿ ಜಾನ್ ಸರ್ಜೆಂಟ್ ಅಂತ ಒಬ್ಬ ರಾಜಕೀಯ ವರದಿಗಾರ ಇದ್ದ, ವಯಸ್ಸು ಅರವತ್ತು ದಾಟಿದೆ, ಡ್ಯಾನ್ಸ್ ಅಷ್ಟಕ್ಕಷ್ಟೇ, ಜಡ್ಜ್‌ಗಳು ವಾರ ವಾರ ಕಮ್ಮಿ ಮಾರ್ಕ್ ಕೊಡುದು, ಜನ ವಾರ ವಾರ ಉಳಿಸುದು. ಕೊನೆಗೆ ನಾನೇ ಗೆದ್ದುಬಿಟ್ರೆ ಕಷ್ಟ ಅಂತ ಆ ಮನುಷ್ಯನೇ ಬಿಟ್ಟು ಹೋದ. ಅಮೆರಿಕದಲ್ಲಿ 2018ರಲ್ಲಿ ಬಾಬಿ ಬೋನ್ಸ್ ಅನ್ನುವ ರೇಡಿಯೋದವನು ಬಿಟ್ಟು ಹೋಗ್ಲಿಲ್ಲ, ಕಮ್ಮಿ ಮಾರ್ಕಿನಲ್ಲೇ ಗೆದ್ದ, ಆಮೇಲೆ ಫ್ಯಾನ್‌ಗಳ ಗಲಾಟೆ ನೋಡ್ಬೇಕಿತ್ತು! ಮುಂದಿನ ವರ್ಷ ರೂಲ್ ಬದಲಾಯ್ತು, ಕೆಳಗಿನ ಎರಡು ಜೋಡಿಯಲ್ಲಿ ಯಾರು ಉಳೀಬೇಕು ಅಂತ ಜಡ್ಜ್‌ಗಳಿಗೆ ಬಿಟ್ರು. ಅಂದ್ರೆ ಚಾನೆಲ್‌ನವರಿಗೂ ಗೊತ್ತುಂಟು, ವೋಟ್ ಅಂದ್ರೆ ಡ್ಯಾನ್ಸಿನ ಮಾರ್ಕ್ ಅಲ್ಲ ಅಂತ. ಫೋನ್ ತೆಗೆದು ಒತ್ತಲಿಕ್ಕೆ ಎಷ್ಟು ಜನ ಮನಸ್ಸು ಮಾಡಿದ್ರು ಅನ್ನುದೇ ವೋಟು. ಒಳ್ಳೆ ಡ್ಯಾನ್ಸರ್‌ಗೆ ಇಲ್ಲೊಂದು ದೊಡ್ಡ ಅಪಾಯ ಉಂಟು, ಇವಳು ಹೇಗೂ ಸೇಫ್ ಅಂತ ಅವಳ ಫ್ಯಾನ್‌ಗಳೇ ಆ ವಾರ ಒತ್ತುದಿಲ್ಲ, ಕಳೆದ ವಾರ ಕಣ್ಣೀರು ಹಾಕಿದವನಿಗೆ ಎಲ್ಲರೂ ಒತ್ತುತ್ತಾರೆ. ಮತ್ತೆ ನಮ್ಮ ಸುಮಾರು ಶೋಗಳಲ್ಲಿ ಎಪಿಸೋಡ್ ಮೊದಲೇ ಶೂಟ್ ಆಗಿರ್ತದೆ, ಶುರುವಿನ ಎಲಿಮಿನೇಶನ್ ಬರೀ ಜಡ್ಜ್‌ಗಳದ್ದೇ ಇರ್ತದೆ, ವೋಟಿಂಗ್ ತೆರೆಯುದು ಕೊನೆ ಕೊನೆಗೆ. ಅದು ತಿಳೀದೆ ಮಕ್ಕಳು ಮೊದಲ ವಾರದಿಂದಲೇ ವೋಟ್ ಫಾರ್ ಅಂತ ಸ್ಟೇಟಸ್ ಹಾಕ್ತಾ ಇರುದು.

ಇನ್ನು ಕ್ಯಾಮೆರಾ. ಇದರ ಬಗ್ಗೆ ಯಾರೂ ಮಾತಾಡುದಿಲ್ಲ, ನನಗೆ ಇದೇ ಮುಖ್ಯ ಅಂತ ಕಾಣ್ತದೆ. ಭರತನಾಟ್ಯದ ಅರೆಮಂಡಿಯಲ್ಲಿ, ಅಂದ್ರೆ ಮಂಡಿ ಮಡಚಿ ಅರ್ಧ ಕೂತು, ಅಡವು ಅನ್ನುವ ಹೆಜ್ಜೆ ಮಾಡುವ ಹುಡುಗಿಯ ಶ್ರಮ ಎಲ್ಲ ಮಂಡಿ, ಹಿಮ್ಮಡಿಯಲ್ಲಿ, ಕ್ಯಾಮೆರಾ ಅಷ್ಟೊತ್ತಿಗೆ ಅವಳ ಕಣ್ಣಿಗೆ ಝೂಮ್, ಅಲ್ಲಿಂದ ಜಡ್ಜ್ ಮುಖಕ್ಕೆ, ಅಲ್ಲಿಂದ ಅಮ್ಮ ಅಳುವುದಕ್ಕೆ. ಕಾಲು ಯಾರೂ ನೋಡ್ಲಿಲ್ಲ. ಹತ್ತು ಅಡಿ ಎತ್ತರಕ್ಕೆ ಎಸೆದು ಹಿಡಿಯುವ ಲಿಫ್ಟ್ ಆದ್ರೆ ವೈಡ್ ಶಾಟ್, ಸ್ಲೋ ಮೋಷನ್, ಮೂರು ಸಲ ರಿಪೀಟ್. ನಮ್ಮ ತೆಂಕುತಿಟ್ಟು ಯಕ್ಷಗಾನ ಆಟದಲ್ಲಿ ಧಿಗಿಣಕ್ಕೆ, ಅಂದ್ರೆ ಹಾರಿ ಗಿರಗಿರ ತಿರುಗುವುದಕ್ಕೆ, ಬೀಳುವ ಚಪ್ಪಾಳೆ ಒಳ್ಳೆ ಅರ್ಥಕ್ಕೆ, ಅಂದ್ರೆ ಪಾತ್ರಧಾರಿಯ ಮಾತಿಗೆ, ಬೀಳುದಿಲ್ಲ ಅಲ್ವಾ, ಹಾಗೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವರಿಗೆ ನಾನು ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ. ಹಾಗಾಗಿ ನಿಮ್ಮ ಮಗಳು ಅವಳೇ ಬೆಸ್ಟ್ ಡ್ಯಾನ್ಸರ್ ಅಂತ ಹೇಳುದು ಸರಿಯೇ ಇರಬಹುದು, ಎದುರಿನ ಹುಡುಗನ ಫ್ಯಾನ್ ಹೇಳುದೂ ಸರಿ ಇರಬಹುದು, ಇಬ್ಬರೂ ನೋಡಿದ್ದು ಎಡಿಟರ್ ತೋರಿಸಿದ್ದನ್ನು. ಅದಕ್ಕೆ ಎರಡು ಗಂಟೆವರೆಗೆ ಜಗಳ ಮಾಡಿದ್ರೂ ಅದು ಮುಗಿಯದ್ದು.

ಗಡಿನಾಡಿನ ಮಾತು. ಸಣ್ಣ ಊರಿನವರಿಗೆ ವೋಟ್ ಸಿಗುದೇ ಇಲ್ಲ ಅನ್ನುದು ಪೂರ್ತಿ ನಿಜ ಅಲ್ಲ. 2007ರ ಇಂಡಿಯನ್ ಐಡಲ್ ನೆನಪುಂಟಾ, ಅದು ಹಾಡಿನ ಶೋ, ಆದ್ರೆ ಲೆಕ್ಕ ಒಂದೇ. ಫೈನಲ್‌ನಲ್ಲಿ ಇದ್ದದ್ದು ಡಾರ್ಜಿಲಿಂಗ್‌ನ ಪ್ರಶಾಂತ್ ತಮಂಗ್, ಶಿಲ್ಲಾಂಗ್‌ನ ಅಮಿತ್ ಪೌಲ್. ಮುಂಬೈಯವರೂ ಅಲ್ಲ, ಡೆಲ್ಲಿಯವರೂ ಅಲ್ಲ. ಎರಡೂ ಗುಡ್ಡಗಾಡಿನ ಊರು, ಜನ ದುಡ್ಡು ಒಟ್ಟು ಮಾಡಿ ವೋಟ್ ಹಾಕಿದ್ರು, ನಮ್ಮವನು ಅನ್ನುವ ಅಭಿಮಾನ ಒಂದೇ ಕಡೆ ಗಟ್ಟಿಯಾಗಿ ನಿಂತ್ರೆ ದೊಡ್ಡ ಊರಿನ ಚದುರಿದ ವೋಟನ್ನು ಅದು ಸೋಲಿಸ್ತದೆ. ಪ್ರಶಾಂತ್ ಗೆದ್ದ, ಆಮೇಲೆ ರೇಡಿಯೋದಲ್ಲಿ ಒಬ್ಬ ಅವನ ಬಗ್ಗೆ ಹಗುರಾಗಿ ಮಾತಾಡಿದ್ದಕ್ಕೆ ಸಿಲಿಗುರಿಯಲ್ಲಿ ಗಲಭೆಯೇ ಆಯ್ತು, ಅಷ್ಟರ ಮಟ್ಟಿಗೆ.

ಕಾಸರಗೋಡಿನ ಕಷ್ಟ ಬೇರೆ ರೀತಿಯದ್ದು. ಏಳು ಭಾಷೆಯ ಊರು ಅಂತ ನಾವೇ ಹೆಮ್ಮೆಯಿಂದ ಹೇಳುದು, ಆದ್ರೆ ಸಂಜೆ ಟಿವಿ ಹಾಕುವಾಗ ಅದೇ ಏಳು ಕಡೆಗೆ ಹಂಚಿ ಹೋಗ್ತದೆ. ಪಕ್ಕದ ಮನೆಯಲ್ಲಿ ಮಲಯಾಳಂ ಚಾನೆಲ್, ಆಚೆ ಮನೆಯಲ್ಲಿ ಯೂಟ್ಯೂಬ್‌ನಲ್ಲಿ ತುಳು ಕಾಮಿಡಿ, ಕನ್ನಡ ಶೋ ನೋಡುವ ಮನೆಯಲ್ಲೂ ಪ್ಯಾಕೇಜಿನಲ್ಲಿ ಆ ಚಾನೆಲ್ ಇದ್ರೆ ಮಾತ್ರ. ಬೆಂಗಳೂರಿನವರು ದ್ವೇಷ ಮಾಡಿ ವೋಟ್ ಹಾಕದ್ದಲ್ಲ, ಅವರಿಗೆ ಮಂಜೇಶ್ವರ, ಬದಿಯಡ್ಕ ಕೇರಳದಲ್ಲಿ ಉಂಟು, ಅಲ್ಲಿ ಕನ್ನಡ ಶಾಲೆ ಉಂಟು ಅಂತಲೇ ಸುಮಾರು ಜನರಿಗೆ ಗೊತ್ತಿಲ್ಲ. ಅದು ನಮಗೆ ನೋವಿನ ವಿಷಯ ಹೌದು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇರುವ ನೋವು, ಅದನ್ನು ಒಂದು ಡ್ಯಾನ್ಸ್ ಶೋದ ಹುಡುಗಿಯ ತಲೆ ಮೇಲೆ ಹಾಕಿದ್ರೆ ಆ ಹುಡುಗಿಗೂ ಭಾರ.

ಈಗ ನೀವು ಕೇಳದ್ದು ಒಂದು. ಡ್ಯಾನ್ಸ್ ಶೋ, ಡ್ರ್ಯಾಗನ್ ಕಾದಂಬರಿ ಇವು ಎರಡು ಬೇರೆ ಹುಚ್ಚು ಅಂತ ನೀವು ಬರೆದಿದ್ದೀರಿ. ನನಗೆ ಹಾಗೆ ಕಾಣುದಿಲ್ಲ. ಫ್ಯಾಂಟಸಿ ಕತೆಯಲ್ಲಿ ಏನಿರ್ತದೆ, ಎಲ್ಲಿಯದೋ ಹಳ್ಳಿಯ ಬಡ ಹುಡುಗಿ, ಯಾರಿಗೂ ಬೇಡದವಳು, ಅವಳ ಒಳಗೆ ಒಂದು ಶಕ್ತಿ ಉಂಟು, ಪರೀಕ್ಷೆ ಮೇಲೆ ಪರೀಕ್ಷೆ, ಕೊನೆಗೆ ಸಿಂಹಾಸನ. ಈಗ ಡ್ಯಾನ್ಸ್ ಶೋದಲ್ಲಿ ಹುಡುಗಿ ಸ್ಟೇಜಿಗೆ ಬರುವ ಮೊದಲು ಎರಡು ನಿಮಿಷದ ವಿಡಿಯೋ ಹಾಕ್ತಾರಲ್ಲ, ಅದನ್ನೊಮ್ಮೆ ನೋಡಿ. ಹಂಚಿನ ಮನೆ, ಅಪ್ಪ ಅಡಿಕೆ ಸುಲಿಯುದು, ಸ್ಲೋ ಮ್ಯೂಸಿಕ್, ಕಟ್ ಮಾಡಿದ್ರೆ ಲೈಟು, ಹೊಗೆ, ಹುಡುಗಿ ನಿಂತಿದ್ದಾಳೆ. ಅದೇ ಕತೆ! ಆ ವಿಡಿಯೋ ಶೂಟ್ ಮಾಡ್ಲಿಕ್ಕೆ ಟೀಮ್ ಮನೆಗೆ ಹೋಗ್ತದೆ, ಅಡಿಕೆ ಸುಲಿಯುವ ಸೀಸನ್ ಅಲ್ಲದಿದ್ರೂ ಸುಲೀಲಿಕ್ಕೆ ಹೇಳ್ತಾರೆ. ಓದಿ ಓದಿ ಕತೆಯ ರೂಟ್ ಗೊತ್ತಿರುವ ಮಗು ಅದನ್ನು ನೋಡಿದ ಕೂಡ್ಲೇ ಇವಳೇ ಗೆಲ್ಲುದು ಅಂತ ತೀರ್ಮಾನ ಮಾಡಿಬಿಡ್ತದೆ, ತಪ್ಪು ಮಗುವಿನದ್ದಲ್ಲ, ಹಾಗೆ ಅನ್ನಿಸ್ಲಿ ಅಂತಲೇ ಅದನ್ನು ಮಾಡಿದ್ದು. ಆಮೇಲೆ ಅವಳು ಔಟ್ ಆದ್ರೆ ಸ್ಪರ್ಧೆಯಲ್ಲಿ ಸೋತ ಹಾಗೆ ಅನ್ನಿಸುದಿಲ್ಲ, ಕತೆ ಬರೆದವರು ಕೈಕೊಟ್ಟ ಹಾಗೆ ಅನ್ನಿಸ್ತದೆ.

ಕತೆಯ ಫ್ಯಾನ್‌ಗಳಿಗೂ ಈ ಸಿಟ್ಟು ಹೊಸತಲ್ಲ. 2019ರಲ್ಲಿ ಗೇಮ್ ಆಫ್ ಥ್ರೋನ್ಸ್ ಸೀರೀಸ್‌ನ ಕೊನೆಯ ಸೀಸನ್ ಹಿಡಿಸಲಿಲ್ಲ ಅಂತ ಬೇರೆ ಬರಹಗಾರರನ್ನು ಹಾಕಿ ಮತ್ತೆ ತೆಗೀರಿ ಅಂತ ಆನ್‌ಲೈನ್ ಮನವಿಗೆ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಸೈನ್ ಹಾಕಿದ್ರು. ಯಾರೂ ಮತ್ತೆ ತೆಗೀಲಿಲ್ಲ. (ಅದು ದೊಡ್ಡವರ ಸೀರೀಸ್, ಮಗಳು ಕೇಳಿದ್ರೆ ಹಾಕಿ ಕೊಡ್ಬೇಡಿ ಮತ್ತೆ.) ನನ್ನ ಪ್ರಕಾರ ಇಂಥ ಅಭಿಪ್ರಾಯ ಇಟ್ಟುಕೊಳ್ಳುದರಲ್ಲಿ ತಪ್ಪೇ ಇಲ್ಲ, ಈ ಪಾತ್ರ ಯಾಕೆ ಹೀಗೆ ಮಾಡಿತು, ಇದು ಮೊದಲಿನ ಅಧ್ಯಾಯಕ್ಕೆ ಹೊಂದುದಿಲ್ಲ ಅಂತ ಹದಿನಾರು ವರ್ಷದ ಹುಡುಗಿ ವಾದ ಮಾಡುದು ಅಂದ್ರೆ ಅವಳು ಗಮನ ಇಟ್ಟು ಓದ್ತಾ ಇದ್ದಾಳೆ. ತಾಳಮದ್ದಳೆ, ಅಂದ್ರೆ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ, ಮುಗಿಸಿ ಬರುವಾಗ ದಾರಿಯುದ್ದಕ್ಕೂ ಕರ್ಣನ ಅರ್ಥ ಹೇಳಿದ್ದು ಸರಿಯಾಗ್ಲಿಲ್ಲ ಅಂತ ಜಗಳ ಮಾಡುವ ಗಂಡಸರಿಗೆ ನಾವು ಹುಚ್ಚು ಅಂತ ಹೇಳುದಿಲ್ಲ, ಕಲಾಭಿಮಾನಿ ಅಂತ ಹೇಳುದು.

ಒಂದೇ ಒಂದು ವ್ಯತ್ಯಾಸ ಉಂಟು, ಅದನ್ನು ಮಾತ್ರ ಮಗಳಿಗೆ ಬಾಯಿಬಿಟ್ಟು ಹೇಳ್ಬೇಕು. ಕಾದಂಬರಿಯ ರಾಜಕುಮಾರನಿಗೆ ಎಷ್ಟು ಬೈದ್ರೂ ಅವನಿಗೆ ತಾಗುದಿಲ್ಲ. ಡ್ಯಾನ್ಸ್ ಶೋ ಗೆದ್ದ ಹುಡುಗ ನಿಜವಾಗಿ ಇದ್ದಾನೆ, ಕಾಮೆಂಟ್ ಓದ್ತಾನೆ. ಫೈನಲ್ ಗೆದ್ದ ಮಕ್ಕಳು ಟ್ರೋಫಿ ಪಕ್ಕದಲ್ಲಿಟ್ಟು ಮೊಬೈಲ್ ನೋಡಿ ಅತ್ತದ್ದು ನಾನು ನೋಡಿದ್ದೇನೆ, ನೀನು ಮೋಸದಿಂದ ಗೆದ್ದದ್ದು ಅಂತ ಸಾವಿರ ಜನ ಬರೆದ್ರೆ ಯಾರಿಗೆ ಸಹಿಸ್ಲಿಕ್ಕೆ ಆಗ್ತದೆ. ರೂಲ್ ಬಗ್ಗೆ ಬರೀಲಿ, ಜಡ್ಜ್ ಮಾರ್ಕ್ ಬಗ್ಗೆ ಬರೀಲಿ, ಕ್ಯಾಮೆರಾ ಕಾಲು ತೋರಿಸಲಿಲ್ಲ ಅಂತ ಬರೀಲಿ, ಆ ಹುಡುಗನ ಪೇಜಿಗೆ ಹೋಗುದು ಬೇಡ.

ಫೋನ್ ಬಾವಿಗೆ ಹಾಕುದರ ಬಗ್ಗೆ. ಅಣ್ಣನ ಸಿಟ್ಟು ಅರ್ಥ ಆಗ್ತದೆ, ಆದ್ರೆ ಹಾಗೆ ಮಾಡಿದ ಮನೆಗಳಲ್ಲಿ ನಾನು ನೋಡಿದ್ದು, ಮಗು ಫ್ರೆಂಡ್ ಫೋನಿನಲ್ಲಿ ಇನ್ನೊಂದು ಅಕೌಂಟ್ ಮಾಡ್ತದೆ, ಆಮೇಲೆ ಕೆಟ್ಟ ಮೆಸೇಜ್ ಬಂದ್ರೆ ನಿಮಗೆ ಹೇಳುದೇ ಇಲ್ಲ. ಈಗ ಅವಳು ನಿಮಗೆ ಹೇಳಿದ್ದಾಳೆ, ಅದನ್ನು ಉಳಿಸಿಕೊಳ್ಳಿ. ಏನೂ ಮಾಡದೆ ಸುಮ್ಮನೆ ಬಿಡುದೂ ಸರಿ ಅಲ್ಲ, ನಿದ್ದೆ ಕೆಡ್ತಾ ಉಂಟು. ನಡುವಿನ ದಾರಿ ಅಂದ್ರೆ ರಾತ್ರಿ ಹತ್ತು ಗಂಟೆ ಆದ್ಮೇಲೆ ಫೋನ್ ಹಾಲಿನಲ್ಲಿ, ಅಪ್ಪನದ್ದೂ ಸೇರಿ, ಇಲ್ಲದಿದ್ರೆ ಅವಳು ಒಪ್ಪುದಿಲ್ಲ. ಕೆಟ್ಟ ಮೆಸೇಜ್ ಡಿಲೀಟ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ಬ್ಲಾಕ್. ಬೆದರಿಕೆ, ಫೋಟೋ ತಿದ್ದಿ ಹಾಕುದು ಅಂಥದ್ದೇನಾದ್ರೂ ಇದ್ರೆ ಸೈಬರ್ ಪೊಲೀಸಿಗೆ ಕೊಡ್ಲೇಬೇಕು, ಮರ್ಯಾದೆ ಪ್ರಶ್ನೆ ಅಂತ ಮುಚ್ಚಿಡ್ಬೇಡಿ. ನಾನು ಡಾಕ್ಟ್ರಲ್ಲ, ಆದ್ರೆ ಒಂದು ರಾತ್ರಿ ಊಟ ಬಿಟ್ಟದ್ದಕ್ಕೆ ಹೆದರುದು ಬೇಡ ಅಂತ ಅನ್ನಿಸ್ತದೆ. ಊಟ, ನಿದ್ದೆ, ಶಾಲೆ ಮೂರೂ ವಾರಗಟ್ಟಲೆ ಕೆಟ್ರೆ ಶಾಲೆಯ ಕೌನ್ಸೆಲರ್ ಹತ್ರ ಮಾತಾಡಿ, ಇಲ್ಲದಿದ್ರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಅದು ಫ್ರೀ, ಭಾಷೆ ಆರಿಸ್ಲಿಕ್ಕೂ ಆಗ್ತದೆ.

ಆ ಎರಡು ಸಾವಿರ ಹೋಯ್ತು ಅಂತ ಇಟ್ಟುಕೊಳ್ಳಿ. ವೋಟ್ ಮಾರ್ತೇನೆ ಅನ್ನುವವರ ಹತ್ರ ನೀವು ಕೊಂಡದ್ದಕ್ಕೆ ಸಾಕ್ಷಿ ಏನಿರ್ತದೆ ಹೇಳಿ, ವೋಟ್ ಬಿತ್ತು ಅಂತ ಅವನು ಹೇಳ್ತಾನೆ, ಅಷ್ಟೇ. ಆಪ್‌ನಲ್ಲಿ ಒಂದು ಲಾಗಿನ್‌ಗೆ ಇಷ್ಟೇ ವೋಟ್ ಅಂತ ಮಿತಿ ಇಟ್ಟಿರ್ತಾರೆ, ಅದನ್ನು ದಾಟ್ಲಿಕ್ಕೆ ಅವನು ಮಕ್ಕಳ ಹತ್ರವೇ ನಂಬರ್, ಒಟಿಪಿ ಕೇಳುದು. ದೊಡ್ಡವಳು ಯಾರಿಗಾದ್ರೂ ಒಟಿಪಿ ಕೊಟ್ಟಿದ್ದಾಳಾ ಅಂತ ಸಮಾಧಾನದಲ್ಲಿ ಕೇಳಿ. ಕೊಟ್ಟಿದ್ರೆ ಪಾಸ್‌ವರ್ಡ್ ಎಲ್ಲ ಬದಲಿಸಿ, ಬ್ಯಾಂಕ್ ಲಿಂಕ್ ಇರುವ ನಂಬರ್ ಆದ್ರೆ ಬ್ಯಾಂಕಿಗೆ ಹೇಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಎಷ್ಟು ಬೇಗವೋ ಅಷ್ಟು ಒಳ್ಳೇದು.

ಇನ್ನು ಸಣ್ಣವಳು. ನಾನು ಕೆಲಸ ಮಾಡಿದ ಯಾವ ಶೋದಲ್ಲೂ ಆಡಿಶನ್‌ಗೆ ದುಡ್ಡು ತಗೊಳ್ಳುದು ಇರ್ಲಿಲ್ಲ. ಆಡಿಶನ್ ಎಲ್ಲಿ, ಯಾವಾಗ ಅಂತ ಚಾನೆಲ್ ತನ್ನದೇ ಪರದೆಯಲ್ಲಿ, ತನ್ನದೇ ಪೇಜಿನಲ್ಲಿ ಹಾಕ್ತದೆ, ಹೆಚ್ಚಾಗಿ ಅಲ್ಲಿ ಹೋಗಿ ಸಾಲಿನಲ್ಲಿ ನಿಲ್ಬೇಕು. ವಿಡಿಯೋ ನೋಡಿ ಮನೆಗೆ ಫೋನ್ ಮಾಡಿ ಸೆಲೆಕ್ಟ್ ಆಗಿದೆ, ಇವತ್ತು ಸಂಜೆಯೊಳಗೆ ಕಟ್ಟಿ ಅಂದ್ರೆ ಅದು ಶೋ ಅಲ್ಲ. ಆ ನಂಬರನ್ನೂ 1930ಕ್ಕೆ ಹೇಳುವಾಗ ಸೇರಿಸಿ.

ನಿಜವಾದ ಆಡಿಶನ್‌ಗೆ ಕಳಿಸುದಾದ್ರೆ ಕಳಿಸಬಹುದು, ಬೇಡ ಅಂತ ನಾನು ಹೇಳುದಿಲ್ಲ. ನನ್ನ ಸ್ಟೂಡೆಂಟ್ಸ್ ಹೋಗಿ ಒಳ್ಳೇದಾದದ್ದೂ ಉಂಟು, ಬಂದ ಮೇಲೆ ಒಂದು ವರ್ಷ ಗೆಜ್ಜೆ ಮುಟ್ಟದ್ದೂ ಉಂಟು. ಕಷ್ಟ ಎಲ್ಲಿ ಅಂದ್ರೆ ನಮ್ಮ ಮಕ್ಕಳಿಗೆ ಬೆಂಗಳೂರಿಗೆ ರಾತ್ರಿ ಪ್ರಯಾಣ, ಶೂಟ್ ನಡೆಯುದು ಮಧ್ಯರಾತ್ರಿವರೆಗೆ, ಅಮ್ಮ ಒಬ್ಬರು ಕೆಲಸ, ಮನೆ ಬಿಟ್ಟು ಅಲ್ಲೇ ಇರ್ಬೇಕು, ಇಲ್ಲಿ ಕಲೋತ್ಸವದ ಟೈಮ್ ಬಂದ್ರೆ ಎರಡೂ ಡಿಕ್ಕಿ. ಹಾಗಾಗಿ ಕಾನೂನು ಏನು ಹೇಳ್ತದೆ ಅಂತ ತಿಳಿದಿರಿ, ಯಾಕಂದ್ರೆ ಸೆಟ್ಟಿನಲ್ಲಿ ಯಾರೂ ತಾವಾಗಿ ಹೇಳುದಿಲ್ಲ. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆಗಿ 2017ರಲ್ಲಿ ನಿಯಮ ಬಂತು. ಹದಿನಾಲ್ಕರ ಒಳಗಿನ ಮಗು ಕಲಾವಿದೆ ಆಗಿ ಕೆಲಸ ಮಾಡಿದ್ರೆ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಇಲ್ಲ, ರೆಸ್ಟ್ ಇಲ್ಲದೆ 3 ಗಂಟೆಗಿಂತ ಜಾಸ್ತಿ ಇಲ್ಲ, ಒಟ್ಟಿಗೆ 27 ದಿನಕ್ಕಿಂತ ಜಾಸ್ತಿ ಇಲ್ಲ. ಶೂಟ್ ಮಾಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ತಗೊಂಡಿರ್ಬೇಕು, ಮಗುವಿನ ಓದು ನಿಲ್ಲಬಾರದು, ಸಿಗುವ ದುಡ್ಡಿನಲ್ಲಿ ಕಡಿಮೆ ಅಂದ್ರೆ 20 ಪರ್ಸೆಂಟ್ ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಇಡ್ಬೇಕು. ದೊಡ್ಡವರ ಸಿನಿಮಾ ಹಾಡಿಗೆ ಸಣ್ಣ ಮಕ್ಕಳನ್ನು ವಯಸ್ಸಿಗೆ ಮೀರಿ ಕುಣಿಸುದರ ಬಗ್ಗೆ 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಾನೆಲ್‌ಗಳಿಗೆ ಸೂಚನೆ ಕಳಿಸಿತ್ತು. ಹಾಡು, ಸ್ಟೆಪ್, ಡ್ರೆಸ್ ಹಿಡಿಸದಿದ್ರೆ ಬೇಡ ಅಂತ ಹೇಳುವ ಹಕ್ಕು ನಿಮಗುಂಟು, ಹಾಗೆ ಹೇಳಿದ ಅಮ್ಮಂದಿರನ್ನು ಸೆಟ್ಟಿನಲ್ಲಿ ಜಂಬದವರು ಅಂತ ಕರೀತಾರೆ, ಕರೀಲಿ ಬಿಡಿ.

ಕಾಂಟ್ರಾಕ್ಟ್ ಇಂಗ್ಲಿಷ್‌ನಲ್ಲಿ ಇರ್ತದೆ, ಹೆಚ್ಚಾಗಿ ಶೂಟ್ ದಿನವೇ ಕೈಗೆ ಕೊಟ್ಟು ಬೇಗ ಸೈನ್ ಹಾಕಿ ಅಂತಾರೆ. ಎರಡು ದಿನ ಮೊದಲೇ ಕೇಳಿ ತರಿಸಿ, ಕಾಸರಗೋಡಿನಲ್ಲಿ ಯಾರಾದ್ರೂ ಗುರುತಿನ ವಕೀಲರಿಗೆ ತೋರಿಸಿ. ಮುಖ್ಯವಾಗಿ ನೋಡ್ಬೇಕಾದ್ದು, ಬೇರೆ ಸ್ಟೇಜಿನಲ್ಲಿ ಎಷ್ಟು ಸಮಯ ಕುಣಿಯಬಾರದು ಅಂತ ಬರೆದಿದ್ದಾರೆ, ನಡುವಿನಲ್ಲಿ ಬಿಟ್ಟು ಬಂದ್ರೆ ದಂಡ ಉಂಟಾ, ಮನೆಯ ವಿಡಿಯೋ ತೆಗೆದದ್ದನ್ನು ಹೇಗೆ ಬೇಕಾದ್ರೂ ಬಳಸಬಹುದು ಅಂತ ಇದೆಯಾ. ಕೆಲವು ಕಾಂಟ್ರಾಕ್ಟಿನಲ್ಲಿ ಶಾಲೆಯ ಕಲೋತ್ಸವವೂ ಬೇರೆ ಸ್ಟೇಜ್ ಅಂತ ಲೆಕ್ಕ ಆಗ್ತದೆ, ಹಾಗೆ ಬರೆದಿದ್ರೆ ಆ ಸಾಲು ತೆಗೆಸಿಯೇ ಸೈನ್ ಹಾಕಿ.